ಬಿದ್ದು ಅಂದ್ರೆ ಬಿದ್ದವನಲ್ಲ ಸ್ವಾಮಿ, ಬಿದ್ದು ಅಪ್ಪಯ್ಯ!

ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ‘ಬಿದ್ದು’ ಅಂತ ಟೈಪಿಸಿ ನೋಡಿ. ಮರದಿಂದ ಬಿದ್ದು, ಬಾವಿಗೆ ಬಿದ್ದು, ಬೈಕಿನಿಂದ ಬಿದ್ದು, ಅಪರೂಪಕ್ಕೆ ಪ್ರೀತಿಯಲ್ಲಿ ಬಿದ್ದು... ನಮ್ಮ ಯೂನಿಕೋಡ್ ಕನ್ನಡದಲ್ಲಿ ಬೀಳುವವರಿಗೆ ಬರವಿಲ್ಲ :) ಆದರೆ ಆ ಹೆಸರಿನ ಒಬ್ಬ ಮನುಷ್ಯನನ್ನು ಹುಡುಕಿ ತೆಗೆಯೋದು ಕಷ್ಟ. ಬಿದ್ದು ಅಪ್ಪಯ್ಯ. ಕೊಡಗಿನ ಮೂಲದವರು, ಹುಟ್ಟಿದ್ದು ಬೆಂಗಳೂರಿನಲ್ಲಿ, 1945ರ ಫೆಬ್ರವರಿಯಲ್ಲಿ. ಗಿಟಾರು ಹಿಡಿದು ಇಂಗ್ಲಿಷ್ ಹಾಡು ಹಾಡುವ ಭಾರತದ ಮೊದಮೊದಲ ಬೀಟ್ ಬ್ಯಾಂಡುಗಳಲ್ಲಿ ಒಂದನ್ನು ಕಟ್ಟಿದವರು. ಆಮೇಲೆ ಲಂಡನ್ನಿಗೆ ಹೋಗಿ, ಇಡೀ ಜಗತ್ತು ಕುಣಿದ ಒಂದು ಹಾಡನ್ನು ಹತ್ತೇ ನಿಮಿಷದಲ್ಲಿ ಧ್ವನಿಮುದ್ರಿಸಿ ಎದ್ದು ಬಂದವರು. ‘ಕುಂಗ್ ಫೂ ಫೈಟಿಂಗ್’ ಕೇಳಿದ್ದೀರಲ್ಲ? ಅದರ ನಿರ್ಮಾಪಕ ಇವರೇ. ‘ಆಪ್ ಜೈಸಾ ಕೋಯಿ’? ಅದೂ ಇವರದೇ. ‘ಮೇಡ್ ಇನ್ ಇಂಡಿಯಾ’? ಹೂಂ, ಅದೂ.

ಕನ್ನಡ ನಾಡಿನ ಸಂಗೀತದ ಚರಿತ್ರೆ ಅಂತ ಬರೆದ ಪುಸ್ತಕಗಳಲ್ಲಿ ದಾಸರಿದ್ದಾರೆ, ಮೈಸೂರಿನ ವೀಣೆ ಇದೆ, ಧಾರವಾಡದ ಗಾಯಕರಿದ್ದಾರೆ, ಸುಗಮ ಸಂಗೀತ ಇದೆ, ಸಿನಿಮಾ ಸಂಗೀತ ಇದೆ. ಎಲ್ಲಾ ಇರಬೇಕಾದದ್ದೇ. ನಾನು ಓದಿದವುಗಳಲ್ಲಿ ಬಿದ್ದುಗೆ ಮಾತ್ರ ಒಂದು ಸಾಲೂ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರು ಅವರನ್ನು ‘ಬ್ರಿಟಿಷ್-ಇಂಡಿಯನ್’ ಅಂತ ಒಂದು ಕಪಾಟಿಗೆ ಹಾಕಿ ಬೀಗ ಹಾಕುತ್ತಾರೆ. ಹಿಂದಿಯವರು ಇಂಡಿಪಾಪ್ ಕಪಾಟಿಗೆ. ನಮ್ಮ ಕಪಾಟಿನಲ್ಲಿ ಅವರಿಗೆ ಜಾಗ ಇದೆಯಾ ಅನ್ನೋದೇ ನನ್ನ ತಕರಾರು. ಈ ತಕರಾರು ಕಮಲನಗರದಲ್ಲಿ ಕೂತು ಬರೆಯುವವನಿಗೆ ಯಾಕೆ ಬೇಕು ಅಂತೀರಾ? ಅದಕ್ಕೂ ಕಾರಣ ಇದೆ, ಹೇಳ್ತೀನಿ. ಮೊದಲು ಕಥೆ.

ಬಿದ್ದು ಹುಟ್ಟಿದಾಗ ಬೆಂಗಳೂರು ಒಂದೂರಲ್ಲ, ಎರಡೂರು. ಪೇಟೆ ಮೈಸೂರು ಮಹಾರಾಜರದ್ದು. ದಂಡು ಅಂದರೆ ಕಂಟೋನ್ಮೆಂಟು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. 1947ರಲ್ಲಿ ದಂಡು ಮೈಸೂರಿಗೆ ಮರಳಿ ಬಂತು, 1949ರಲ್ಲಿ ಎರಡರ ಮುನಿಸಿಪಾಲಿಟಿಗಳೂ ಸೇರಿ ಒಂದು ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಒಂದಾದರೂ ಕಿವಿಗಳು ಒಂದಾಗಲಿಲ್ಲ. ಒಂದು ಕಡೆ ರಾಮೋತ್ಸವದ ಕಛೇರಿಗಳು. ಇನ್ನೊಂದು ಕಡೆ ಚರ್ಚಿನ ಪಿಯಾನೋ, ಕ್ಲಬ್ಬುಗಳ ಡ್ಯಾನ್ಸ್ ಬ್ಯಾಂಡು, ಪ್ಲಾಜಾ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾ.

ಅಮೆರಿಕದಲ್ಲಿ ಚಕ್ ಬೆರ್ರಿ, ಎಲ್ವಿಸ್ ಪ್ರೆಸ್ಲಿ, ಬಿಲ್ ಹೇಲಿ ಇವರೆಲ್ಲ ರಾಕ್ ಅಂಡ್ ರೋಲ್ ಅನ್ನೋ ಗದ್ದಲ ಎಬ್ಬಿಸಿದ್ದು 1954ರಿಂದ 56ರ ಆಸುಪಾಸು. ಹಿಂದಿ ಸಿನಿಮಾ ತಡ ಮಾಡಲಿಲ್ಲ. 1957ರ ‘ಆಶಾ’ ಚಿತ್ರದಲ್ಲಿ ಸಿ. ರಾಮಚಂದ್ರ ಆ ಲಯವನ್ನು ತಂದು ‘ಈನಾ ಮೀನಾ ಡೀಕಾ’ ಮಾಡಿ ಕಿಶೋರ್ ಕುಮಾರ್ ಕೈಗಿಟ್ಟರು. ಆದರೆ ಮೂಲದ ಸರಕು ನಮ್ಮ ಹುಡುಗರ ಕಿವಿಗೆ ಬಿದ್ದದ್ದು (ನೋಡಿ, ಮತ್ತೆ ‘ಬಿದ್ದದ್ದು’!) ರೇಡಿಯೋದಿಂದ. ಆಕಾಶವಾಣಿಯಿಂದ ಅಂತೂ ಅಲ್ಲ. 1952ರಲ್ಲಿ ವಾರ್ತಾ ಮಂತ್ರಿಯಾದ ಕೇಸ್ಕರ್ ಸಾಹೇಬರಿಗೆ ಸಿನಿಮಾ ಹಾಡೇ ಆಗುತ್ತಿರಲಿಲ್ಲ, ಇನ್ನು ಎಲ್ವಿಸ್ ಎಲ್ಲಿಂದ ಬರಬೇಕು! ದೇಶವೇ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿಯಿತು. ಅಮೀನ್ ಸಯಾನಿಯ ಬಿನಾಕಾ ಗೀತಮಾಲಾ ನಮ್ಮ ಬೀದರ್ ಕಡೆಯ ಹಿರಿಯರಿಗೆ ಬಾಯಿಪಾಠ. ಅದೇ ನಿಲ್ದಾಣದ ಇಂಗ್ಲಿಷ್ ಹಾಡುಗಳನ್ನು ಬೆಂಗಳೂರಿನಲ್ಲಿ ಹುಡುಗ ಬಿದ್ದು ಕೇಳುತ್ತಿದ್ದ. ಒಂದೇ ಶಾರ್ಟ್‌ವೇವ್, ಎರಡು ಊರು, ಎರಡು ಹುಚ್ಚು.

ಅರವತ್ತರ ದಶಕದ ಮೊದಲ ಭಾಗದಲ್ಲಿ ಬಿದ್ದು ಗೆಳೆಯರ ಜೊತೆ ಸೇರಿ ‘ಟ್ರೋಜನ್ಸ್’ ಅನ್ನೋ ತಂಡ ಕಟ್ಟಿದರು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಇವರ ಹಾಡುಗಳನ್ನು ಬೆಂಗಳೂರಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್‌ವರೆಗೂ ಅವರ ಗಿಟಾರು ಹೋಯಿತು. ‘ಅಯ್ಯೋ, ಬೇರೆಯವರ ಹಾಡು ನಕಲು ಮಾಡೋದು ಏನು ದೊಡ್ಡ ಸಾಧನೆ’ ಅಂತ ಮೂಗು ಮುರೀಬೇಡಿ. ಆ ಕಾಲದಲ್ಲಿ ಈ ಸಂಗೀತಕ್ಕೆ ಇಲ್ಲಿ ಗುರು ಇಲ್ಲ, ಪಠ್ಯ ಇಲ್ಲ, ಸ್ವರಲಿಪಿ ಇಲ್ಲ. ವಿದೇಶಿ ಸಾಮಾನು ತರಿಸಬೇಕೆಂದರೆ ಲೈಸೆನ್ಸಿನ ಕಾಟ. ರೇಡಿಯೋದಲ್ಲಿ ಕೇಳಿದ್ದನ್ನು ಕಿವಿಯಲ್ಲೇ ಹಿಡಿದು, ಈ ದನಿ ಯಾವ ತಂತಿಯಿಂದ ಬಂತು, ಡ್ರಮ್ಮಿನವನು ಯಾವ ಪೆಟ್ಟಿಗೆ ಒತ್ತು ಕೊಟ್ಟ ಅಂತ ಬಿಡಿಸಿ ನೋಡಬೇಕಿತ್ತು. ಗಡಿಯಾರ ಬಿಚ್ಚಿ ಜೋಡಿಸಿ ರಿಪೇರಿ ಕಲಿತ ಹಾಗೆ. ಬಿದ್ದು ಮುಂದೆ ಗಾಯಕನಾಗಿ ಅಲ್ಲ, ಹಾಡನ್ನು ಬಿಡಿಬಿಡಿಯಾಗಿ ಜೋಡಿಸುವ ನಿರ್ಮಾಪಕನಾಗಿ ಗೆದ್ದದ್ದಕ್ಕೆ ಈ ನಕಲಿನ ಪಾಠಶಾಲೆಯೇ ಕಾರಣ ಅನ್ನೋದು ನನ್ನ ಅನಿಸಿಕೆ.

ತಂಡದಿಂದ ಹೊರಬಂದ ಮೇಲೆ ಬಿದ್ದು ಒಬ್ಬರೇ ಹಾಡತೊಡಗಿದರು. ಹೆಸರು ಏನಿಟ್ಟುಕೊಂಡರು ಗೊತ್ತಾ? ‘ಲೋನ್ ಟ್ರೋಜನ್’! ಒಂಟಿ ಟ್ರೋಜನ್. ಈ ತುಂಟತನ ಇಷ್ಟವಾಗದಿದ್ದರೆ ಹೇಗೆ.

1967ರಲ್ಲಿ ಲಂಡನ್ ಹಾದಿ ಹಿಡಿದರು. ಇಂಗ್ಲೆಂಡಿಗೆ ಡಾಕ್ಟರಾಗಿ, ಎಂಜಿನಿಯರಾಗಿ ಹೋಗುತ್ತಿದ್ದ ಕಾಲದಲ್ಲಿ ಗಿಟಾರು ಹೊತ್ತು, ದಾರಿಯ ಊರುಗಳಲ್ಲಿ ಹಾಡಿಕೊಂಡು, ಮಧ್ಯಪ್ರಾಚ್ಯದ ಮೂಲಕ ಹೊರಟ ಇಪ್ಪತ್ತೆರಡರ ಹುಡುಗ. ಹೋದ ಕೂಡಲೇ ಯಾರೂ ಹಾರ ಹಾಕಲಿಲ್ಲ. ಕಂದು ಬಣ್ಣದ ಹುಡುಗ ಪಾಪ್ ಹಾಡುತ್ತೇನೆ ಅಂದರೆ ಆಗಿನ ಲಂಡನ್ ಸಂಗೀತ ಕಂಪನಿಗಳಿಗೆ ಅವನನ್ನು ಎಲ್ಲಿ ಕೂರಿಸಬೇಕು ಅನ್ನೋದೇ ತಿಳಿಯುತ್ತಿರಲಿಲ್ಲ. ಭಾರತೀಯ ಅಂದರೆ ಸಿತಾರ್ ತಾನೇ? ರವಿಶಂಕರ್ ಜಗತ್ಪ್ರಸಿದ್ಧರಾಗಿದ್ದರು, ಜಾರ್ಜ್ ಹ್ಯಾರಿಸನ್ ಅವರ ಶಿಷ್ಯನಾಗಿದ್ದ. ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾಗ ಪೂರ್ವದಿಂದ ಬಂದ ಇವನೊಬ್ಬ ‘ನನಗೆ ಸಿತಾರ್ ಬೇಡ, ಡ್ರಮ್ಮು ಕೊಡಿ’ ಅನ್ನುವವನು! ಸಣ್ಣಪುಟ್ಟ ಕೆಲಸ ಮಾಡಿ ಹೊಟ್ಟೆ ಹೊರೆದು, ಉಳಿಸಿದ ದುಡ್ಡಿನಲ್ಲಿ ಸ್ಟುಡಿಯೋ ಬಾಡಿಗೆ ಕಟ್ಟಿ ಧ್ವನಿಮುದ್ರಣ ಮಾಡುತ್ತಾ ಹೋದರು.

1969ರಲ್ಲಿ ಒಂದು ವಿಚಿತ್ರ ಕೂಡಿಕೆ ಆಯಿತು. ‘ದಿ ಟೈಗರ್ಸ್’ ಅನ್ನೋ ಜಪಾನಿ ತಂಡ, ‘ಸ್ಮೈಲ್ ಫಾರ್ ಮಿ’ ಅನ್ನೋ ಹಾಡು, ಬರೆದವರು ಬೀ ಜೀಸ್ ಸೋದರರು, ನಿರ್ಮಾಪಕ ಬೆಂಗಳೂರಿನ ಬಿದ್ದು. ಜಪಾನಿನಲ್ಲಿ ಅದು ಜೋರಾಗಿ ಓಡಿತು. ಆಮೇಲೆ ಐದು ವರ್ಷ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಹಾಗಾಗಿ ನಾನೂ ಹಾರಿಸುತ್ತೇನೆ.

1974. ಬ್ರೂಸ್ ಲೀ ತೀರಿಕೊಂಡು ಒಂದು ವರ್ಷವಾಗಿತ್ತು, ‘ಎಂಟರ್ ದಿ ಡ್ರಾಗನ್’ ಊರೂರಲ್ಲಿ ಓಡಿ ಬೀದಿ ಹುಡುಗರೆಲ್ಲ ಗಾಳಿಗೆ ಒದೆಯುತ್ತಿದ್ದರು. ಬಿದ್ದು ಒಂದು ಹಾಡಿನ ಧ್ವನಿಮುದ್ರಣಕ್ಕೆ ಜಮೈಕಾ ಮೂಲದ ಕಾರ್ಲ್ ಡಗ್ಲಸ್‌ನನ್ನು ಕರೆಸಿದ್ದರು. ಸ್ಟುಡಿಯೋ ಸಿಕ್ಕಿದ್ದು ಮೂರು ಗಂಟೆ. ಮುಖ್ಯ ಹಾಡಿಗೇ ಎರಡು ಗಂಟೆಗಿಂತ ಹೆಚ್ಚು ಹೋಯಿತು. ಆಗಿನ 45 ಆರ್‌ಪಿಎಂ ತಟ್ಟೆಗೆ ಎರಡು ಮುಖ, ಹಿಂದಿನ ಮುಖಕ್ಕೂ ಏನಾದರೂ ಬೇಕಲ್ಲ. ನಿನ್ನ ಹತ್ತಿರ ಬರೆದದ್ದೇನಾದರೂ ಇದೆಯೇನಪ್ಪಾ ಅಂತ ಡಗ್ಲಸ್‌ನನ್ನು ಕೇಳಿದರು. ಅವನು ತೋರಿಸಿದವುಗಳಲ್ಲಿ ಒಂದು ಕುಂಗ್ ಫೂ ಕುರಿತ ಸಾಹಿತ್ಯ. ಬಿದ್ದು ಅದಕ್ಕೆ ಅಲ್ಲೇ ಒಂದು ರೂಪ ಕೊಟ್ಟರು. ಹಿಂದಿನ ಮುಖದ ಹಾಡು ಯಾರು ಕೇಳ್ತಾರೆ ಅನ್ನೋ ಧೈರ್ಯದಲ್ಲಿ ಹೂ ಹಾ ಕೂಗಾಟ, ಕೈ ಬೀಸುವ ಸದ್ದು ಎಲ್ಲ ಮನಸೋ ಇಚ್ಛೆ ತುಂಬಿದರು. ಕೊನೆಯ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಇದನ್ನು ಬಿದ್ದು ಅವರೇ ಆಮೇಲೆ ಹೇಳಿಕೊಂಡು ನಕ್ಕಿದ್ದಾರೆ.

ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಅನ್ನುವವರು ಎರಡೂ ಮುಖ ಕೇಳಿ, ಹಿಂದಿನದೇ ಮುಂದಿನದಾಗಲಿ ಅಂದರು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನಂಬರ್ ಒನ್. ಒಂದು ಕೋಟಿಗೂ ಮೀರಿ ಪ್ರತಿಗಳು ಮಾರಾಟವಾದ ಲೆಕ್ಕ. ಡಿಸ್ಕೋ ಅನ್ನೋ ಪದವೇ ಇನ್ನೂ ಬಹಳ ಜನಕ್ಕೆ ಹೊಸದಾಗಿದ್ದಾಗ ಬಂದ ಡಿಸ್ಕೋ ಹಾಡು ಅದು. ‘ಸ್ಯಾಟರ್ಡೆ ನೈಟ್ ಫೀವರ್’ ಸಿನಿಮಾ ಬರೋಕೆ ಇನ್ನೂ ಮೂರು ವರ್ಷ ಇತ್ತು!

ಇಲ್ಲಿ ರಾಕ್ ಅಂಡ್ ರೋಲ್ ಹೋಗಿ ಡಿಸ್ಕೋ ಬಂತಲ್ಲ ಅಂತ ಶುದ್ಧಾಚಾರದ ರಾಕ್ ಪ್ರಿಯರು ಹುಬ್ಬೇರಿಸಬಹುದು. ಅವರಿಗೆ ಡಿಸ್ಕೋ ಅಂದರೆ ಮೈಲಿಗೆ. ನನಗೆ ಆ ಮಡಿ ಇಲ್ಲ. ರಾಕ್ ಅಂಡ್ ರೋಲ್ ಹುಟ್ಟಿದ್ದೂ ಕುಣಿಸೋಕೇ ತಾನೇ? ಡಿಸ್ಕೋ ಮಾಡಿದ್ದು ಇಷ್ಟೇ: ನಾಲ್ಕು ಪೆಟ್ಟಿನ ಆವರ್ತದಲ್ಲಿ ನಾಲ್ಕೂ ಪೆಟ್ಟಿಗೆ ಕಾಲಿನ ಡ್ರಮ್ಮನ್ನು ಸಮನಾಗಿ ಕೂರಿಸಿತು. ದಂ ದಂ ದಂ ದಂ. ನಮ್ಮ ಜಾತ್ರೆಯ ಹಲಗಿಯವನನ್ನು ನೋಡಿ. ಮೇಲೆ ಏನು ಚಮತ್ಕಾರ ಮಾಡಿದರೂ ಕೆಳಗಿನ ಪೆಟ್ಟು ಬಿಡೋದಿಲ್ಲ. ಬಿಟ್ಟರೆ ಕುಣಿಯುವವನ ಕಾಲು ತಪ್ಪುತ್ತದೆ. ಬಿದ್ದು ಕೂಡ ಪೆಟ್ಟನ್ನು ಮೊದಲು ಗಟ್ಟಿ ಮಾಡಿ, ಅದರ ಮೇಲೆ ಬೇಸ್ ಗಿಟಾರು, ಅದರ ಮೇಲೆ ವಯಲಿನ್ನುಗಳ ಸಾಲು, ಕೊನೆಗೆ ಸುಲಭಕ್ಕೆ ಬಾಯಿಗೆ ಬರುವ ಒಂದು ಸಾಲಿನ ಪಲ್ಲವಿ ಕೂರಿಸುತ್ತಿದ್ದರು. ಪಲ್ಲವಿ ಯಾವ ಭಾಷೆಯದಾದರೂ ಪರವಾಗಿಲ್ಲ, ಕಾಲಿಗೆ ಮೊದಲೇ ಅರ್ಥವಾಗಿರುತ್ತದೆ.

ಆಮೇಲಿನದು ಗೆಲುವಿನ ಸಾಲು. ‘ಬಿದ್ದು ಆರ್ಕೆಸ್ಟ್ರಾ’ ಹೆಸರಲ್ಲೇ ವಾದ್ಯಗೀತೆಗಳು ಬಂದವು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ಮತ್ತೆ ನಂಬರ್ ಒನ್. ಒಂದು ಸ್ವಾರಸ್ಯ ಕೇಳಿ. ಟೀನಾ ಚಾರ್ಲ್ಸ್‌ಗೆ ಬೇಸ್ ನುಡಿಸುತ್ತಿದ್ದ ಹುಡುಗ ಟ್ರೆವರ್ ಹಾರ್ನ್. ಬಿದ್ದು ಹಾಡು ಕಟ್ಟುವ ರೀತಿಯನ್ನು ಹತ್ತಿರದಿಂದ ನೋಡಿದವನು. ಮುಂದೆ ಅವನದೇ ‘ಬಗಲ್ಸ್’ ತಂಡದ ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’ 1981ರ ಆಗಸ್ಟ್ 1ರಂದು ಎಂಟಿವಿ ತೋರಿಸಿದ ಮೊಟ್ಟಮೊದಲ ಹಾಡಾಯಿತು. ರೇಡಿಯೋ ಸಿಲೋನ್ ಕೇಳಿ ಬೆಳೆದವನ ಗರಡಿಯ ಪಕ್ಕದಲ್ಲಿದ್ದವನೇ ರೇಡಿಯೋ ಸತ್ತ ಹಾಡು ಮಾಡಿದ! ಇಂಥ ತಮಾಷೆ ಕಥೆಗಾರರಿಗೂ ಹೊಳೆಯೋದಿಲ್ಲ.

ಈಗ ಕಮಲನಗರಕ್ಕೆ ಬರುತ್ತೇನೆ.

ನಮ್ಮೂರು ಗೊತ್ತಿಲ್ಲದವರಿಗೆ: ಬೀದರ್ ಜಿಲ್ಲೆಯ ಮೇಲ್ತುದಿ, ಪರ್ಲಿ-ವಿಕಾರಾಬಾದ್ ರೈಲು ಹಾದಿಯಲ್ಲಿ ಭಾಲ್ಕಿ ದಾಟಿದ ಮೇಲೆ ಸಿಗುತ್ತದೆ. ಮುಂದೆ ಹೋದರೆ ಉದಗೀರ್, ಅದು ಮಹಾರಾಷ್ಟ್ರ. ಮೊದಲು ಔರಾದ್ ತಾಲೂಕಿನಲ್ಲಿದ್ದೆವು, ಈಗ ನಮ್ಮದೇ ತಾಲೂಕು. ಬೆಂಗಳೂರು ಏಳುನೂರು ಕಿಲೋಮೀಟರಿಗೂ ದೂರ. ಹೈದರಾಬಾದು ಇನ್ನೂರರ ಆಸುಪಾಸು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಗ್ಯಾರೇಜಿನಲ್ಲಿ ದಖನಿ ಹಿಂದಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ಕನ್ನಡದವರಾ?’ ಅಂತ ಒಬ್ಬ ಯಜಮಾನರು ನನ್ನನ್ನು ಕೇಳಿದ್ದರು. ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ ಸ್ವಾಮಿ! ಬೀದರಿನವರಿಗೆ ಇದು ಮಾಮೂಲು.

ನಮ್ಮೂರಿಗೆ ಎಂಬತ್ತರ ದಶಕದಲ್ಲಿ ಹಾಡು ಬರುತ್ತಿದ್ದದ್ದು ಉದಗೀರಿನ ಕ್ಯಾಸೆಟ್ ಅಂಗಡಿಯಿಂದ. ನಮ್ಮ ಮಾಮಾ (ಅವ್ವನ ತಮ್ಮ) ಒಂದು ಟೇಪ್ ಇಟ್ಟುಕೊಂಡಿದ್ದರು, ಅದರ ಮೇಲೆ ಅವ್ವ ಕಸೂತಿ ಹಾಕಿದ ಬಟ್ಟೆ. ಅದರಲ್ಲಿ ಭಜನೆ, ಮರಾಠಿ ಲಾವಣಿ, ರಾಜಕುಮಾರ್ ಸಿನಿಮಾ ಹಾಡು ಎಲ್ಲ ಇರುತ್ತಿತ್ತು. ಜೊತೆಗೆ ‘ಕುರ್ಬಾನಿ’. ಆ ಒಂದು ಹಾಡು ಬಂದರೆ ಮಾಮಾ ದನಿ ಏರಿಸುತ್ತಿದ್ದರು. ‘ಯಾರ್ ಮಾಡ್ಯಾರ ಮಾಮಾ ಇದು?’ ಅಂದರೆ, ‘ಯಾರರೆ ಮಾಡ್ಲಿ ತಮ್ಮಾ, ಕಾಲ್ ಸುಮ್ನ ಕೂಡ್ತಾವೇನ್ ನೋಡು’ ಅನ್ನೋರು. ಡಿಸ್ಕೋ ಅಂದರೆ ಬಪ್ಪಿ ಲಹಿರಿ ಅಂತ ಊರಿನ ತೀರ್ಮಾನ. ಬಪ್ಪಿದಾ ಮೇಲೆ ನನಗೇನೂ ಸಿಟ್ಟಿಲ್ಲ. 1986ರಲ್ಲಿ ಕನ್ನಡದ ‘ಆಫ್ರಿಕಾದಲ್ಲಿ ಶೀಲಾ’ಗೂ ಸಂಗೀತ ಕೊಟ್ಟವರು. ಆದರೆ ಈ ಹಾಡು ಅವರದಲ್ಲ. ಅವರ ‘ಡಿಸ್ಕೋ ಡಾನ್ಸರ್’ ಬಂದದ್ದೇ 1982ರಲ್ಲಿ. ‘ಕುರ್ಬಾನಿ’ 1980ರದ್ದು.

ಮಾಮಾಗಿರಲಿ, ಊರಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಅಂದರೆ ಆ ಹಾಡಿನ ಹಿಂದೆ ಇದ್ದದ್ದು ಇಬ್ಬರು ಬೆಂಗಳೂರಿನವರು. ನಿರ್ಮಾಪಕ, ನಿರ್ದೇಶಕ, ನಾಯಕ ಮೂರೂ ಆದ ಫಿರೋಜ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1939ರಲ್ಲಿ. 2009ರಲ್ಲಿ ಕೊನೆಯುಸಿರೆಳೆದದ್ದೂ ಬೆಂಗಳೂರಿನಲ್ಲೇ. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ-ಆನಂದ್‌ಜಿಯವರದ್ದು. ಈ ಒಂದಕ್ಕೆ ಮಾತ್ರ ಖಾನ್ ಸಾಹೇಬರು ಲಂಡನ್ನಿನ ಬಿದ್ದು ಬಾಗಿಲು ತಟ್ಟಿದರು. ಬಿದ್ದುಗೆ ಹಿಂದಿ ಸಿನಿಮಾದ ಗೀಳು ಇರಲಿಲ್ಲ. ಮಗ ಒಂದಾದರೂ ಹಿಂದಿ ಹಾಡು ಮಾಡಲಿ ಅನ್ನೋ ತಾಯಿಯ ಆಸೆಗೆ ಒಪ್ಪಿಕೊಂಡರು. ಹಾಡಿದ ಹುಡುಗಿ ನಾಜಿಯಾ ಹಸನ್, ಪಾಕಿಸ್ತಾನದವಳು, ಲಂಡನ್ನಿನಲ್ಲಿ ಬೆಳೆಯುತ್ತಿದ್ದ ಶಾಲಾ ಹುಡುಗಿ. ಒಂದು ಪಾರ್ಟಿಯಲ್ಲಿ ಫಿರೋಜ್ ಖಾನರ ಕಣ್ಣಿಗೆ ಬಿದ್ದವಳು. ಆಗ ಅವಳಿಗೆ ಹದಿನೈದು.

ಆವರೆಗಿನ ಹಿಂದಿ ನಾಯಕಿ ದನಿ ಅಂದರೆ ಲತಾ, ಆಶಾ. ತರಬೇತಾದ, ಎತ್ತರದ, ಗಮಕ ಬಲ್ಲ ದನಿಗಳು. ನಾಜಿಯಾಳದು ಸ್ವಲ್ಪ ಮೂಗಿನಲ್ಲಿ ಬರುವ, ಬಳುಕದ, ಪಕ್ಕದ ಮನೆಯ ಹುಡುಗಿಯ ದನಿ. ಬಿದ್ದು ಅದನ್ನು ತಿದ್ದೋಕೆ ಹೋಗಲಿಲ್ಲ. ಲಂಡನ್ನಿನಲ್ಲಿ ಬಹು ಟ್ರ್ಯಾಕಿನ ಧ್ವನಿಮುದ್ರಣ ಮಾಡಿ, ಅವಳ ದನಿಯ ಮೇಲೆ ಅವಳದೇ ದನಿಯನ್ನು ಹೊದಿಸಿದರು. ಹೀಗೆ ಮಾಡಿದಾಗ ಹಾಡುವವಳು ಎದುರಿಗಿದ್ದೂ ದೂರ ಇದ್ದ ಹಾಗೆ ಕೇಳುತ್ತದೆ. ಗಾಯಕಿಯ ಸಾಮರ್ಥ್ಯವನ್ನು ಮೆರೆಸುವುದರ ಬದಲು ದನಿಯ ಗುಣವನ್ನು ಬಳಸುವ ಈ ಬುದ್ಧಿ ರಾಕ್ ಅಂಡ್ ರೋಲಿನದು. ನಮ್ಮ ಸಂಗೀತದಲ್ಲಿ ಕಂಠ ಚೆನ್ನಾಗಿಲ್ಲದವನು ಹಾಡಬಾರದು. ಅಲ್ಲಿ ಕಂಠ ತನ್ನದಾಗಿದ್ದರೆ ಸಾಕು. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿ ಆ ಹುಡುಗಿಗೇ ಬಂತು.

1981ರಲ್ಲಿ ಬಂದದ್ದು ‘ಡಿಸ್ಕೋ ದಿವಾನೆ’. ನಾಜಿಯಾ, ಅವಳ ತಮ್ಮ ಜೋಹೇಬ್, ಬಿದ್ದು. ಇದು ಸಿನಿಮಾ ಹಾಡಲ್ಲ! ಹೀರೋ ಇಲ್ಲ, ಹೀರೋಯಿನ್ ಇಲ್ಲ, ಮರ ಸುತ್ತೋದಿಲ್ಲ. ಆದರೂ ಎರಡೂ ದೇಶಗಳಲ್ಲಿ ಕ್ಯಾಸೆಟ್ಟುಗಳು ಹಾರಿ ಹೋದವು. ಸಿನಿಮಾ ಇಲ್ಲದೆಯೂ ಪಾಪ್ ಹಾಡು ಮಾರಾಟವಾಗುತ್ತದೆ ಅಂತ ಇಲ್ಲಿನ ಕಂಪನಿಗಳಿಗೆ ತೋರಿಸಿಕೊಟ್ಟ ಆಲ್ಬಂ ಅದು. ನಡುವೆ 1982ರ ‘ಸ್ಟಾರ್’ ಸಿನಿಮಾ ನೆಲಕಚ್ಚಿತು, ಅದರ ಹಾಡುಗಳು ನಿಂತವು.

ಕೊನೆಯ ದೊಡ್ಡ ಅಲೆ 1995ರದ್ದು. ಅಲೀಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’. ಉದಾರೀಕರಣ ಬಂದು ನಾಲ್ಕು ವರ್ಷ, ಮನೆ ಮನೆಗೆ ಕೇಬಲ್ಲು, ಪೆಟ್ಟಿಗೆಯಿಂದ ಹೊರಬರುವ ಮಿಲಿಂದ್ ಸೋಮನ್. ಆಗ ಹರೆಯದಲ್ಲಿದ್ದ ಅಕ್ಕಂದಿರು ಇಲ್ಲಿ ಓದುತ್ತಿದ್ದರೆ ಒಪ್ಪಿಕೊಳ್ಳಿ, ಪರವಾಗಿಲ್ಲ :) ಈ ಹಾಡನ್ನು ಬಿದ್ದು ಮೊದಲು ಕೊಡಲು ಹೋದದ್ದು ನಾಜಿಯಾಗೆ. ಪಾಕಿಸ್ತಾನದವಳಾದ ತಾನು ಭಾರತವನ್ನು ಹೊಗಳುವ ಹಾಡು ಹಾಡಿದರೆ ತನ್ನ ಜನ ನೊಂದುಕೊಳ್ಳುತ್ತಾರೆ ಅಂತ ಅವಳು ಬೇಡ ಅಂದಳು. ಯೋಚಿಸಿ ನೋಡಿ: ಹದಿನೈದರಲ್ಲಿ ಗಡಿ ದಾಟಿ ಹಾಡಿದ ಹುಡುಗಿಗೆ ಮೂವತ್ತರ ಹೊತ್ತಿಗೆ ಗಡಿ ಅಡ್ಡ ಬಂತು. ಐದು ವರ್ಷದ ನಂತರ, 2000ದ ಆಗಸ್ಟ್ 13ರಂದು, ಕ್ಯಾನ್ಸರಿನಿಂದ ಲಂಡನ್ನಿನಲ್ಲಿ ತೀರಿಕೊಂಡಳು. ಮೂವತ್ತೈದು ವರ್ಷ.

ಇನ್ನು ಮೊದಲು ಮುಂದೂಡಿದ ತಕರಾರು. ಬಿದ್ದು ನಮ್ಮವರಾ?

ನಾನು ಮೇಲೆ ಹೇಳಿದ ಯಾವ ಹಾಡೂ ಕನ್ನಡದ್ದಲ್ಲ, ಕೊಡವ ತಕ್ಕಿನದ್ದೂ ಅಲ್ಲ. ಕೊಡವರದು ಬೇರೆ ಭಾಷೆ, ಬೇರೆ ಪದ್ಧತಿ, ಎಲ್ಲಾ ಕನ್ನಡದ್ದೇ ಅಂತ ಬಾಚಿಕೊಳ್ಳೋಕೆ ನಾನು ಇಲ್ಲಿ ಕೂತಿಲ್ಲ. ಆದರೆ ಒಂದು ತಾರೀಖನ್ನು ನೆನಪಿಸುತ್ತೇನೆ: 1956ರ ನವೆಂಬರ್ 1. ಅಲ್ಲಿವರೆಗೆ ಕೊಡಗು ತನ್ನದೇ ಮುಖ್ಯಮಂತ್ರಿ ಇದ್ದ ಪ್ರತ್ಯೇಕ ‘ಸಿ’ ದರ್ಜೆಯ ರಾಜ್ಯ. ಅಲ್ಲಿವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆ. ನಿಜಾಮರ ಆಳ್ವಿಕೆ ಮುಗಿದು ಎಂಟು ವರ್ಷವಾಗಿತ್ತಷ್ಟೇ. ಅದೇ ದಿನ ಕೊಡಗೂ ಮೈಸೂರು ರಾಜ್ಯಕ್ಕೆ ಬಂತು, ನಾವೂ ಬಂದೆವು. ನಮ್ಮ ಜಿಲ್ಲೆಯನ್ನಂತೂ ರೊಟ್ಟಿ ಮುರಿದ ಹಾಗೆ ಮುರಿದು ಉದಗೀರ್, ನಿಲಂಗಾಗಳನ್ನು ಆಚೆ ಕಡೆಗೆ ಕೊಟ್ಟರು. ಬಿದ್ದು ಆಗ ಹನ್ನೊಂದರ ಹುಡುಗ, ಬೆಂಗಳೂರಿನಲ್ಲೇ ಹುಟ್ಟಿದವ. ಅಂದರೆ ಈ ರಾಜ್ಯದ ಲೆಕ್ಕದಲ್ಲಿ ಅವನು ನಮಗಿಂತ ಹಳಬ! ಏಕೀಕರಣದ ದಿನದಿಂದ ನಮ್ಮನ್ನು ಕನ್ನಡಿಗರು ಅಂತ ಎಣಿಸುವುದಾದರೆ (ಮನೆ ಯಜಮಾನರ ಅನುಮಾನ ಏನೇ ಇರಲಿ), ಬೆಂಗಳೂರಿನ ರಸ್ತೆಯಲ್ಲಿ ಗಿಟಾರು ಹಿಡಿದು ಓಡಾಡಿದವನನ್ನು ಯಾವ ಬಾಯಲ್ಲಿ ಹೊರಗಿನವನು ಅನ್ನೋದು?

ಭಾಷೆ ಒಂದೇ ಅಳತೆಗೋಲು ಅನ್ನುವವರಿಗೆ ಇನ್ನೊಂದು ಪ್ರಶ್ನೆ. ಹಿಂದೂಸ್ತಾನಿ ಸಂಗೀತದಲ್ಲಿ ಮಲ್ಲಿಕಾರ್ಜುನ ಮನ್ಸೂರರು, ಭೀಮಸೇನ ಜೋಶಿಯವರು, ಗಂಗೂಬಾಯಿಯವರು ಬಹುಪಾಲು ಹಾಡಿದ್ದು ಬ್ರಜ್, ಹಿಂದಿ ಬಂದಿಶುಗಳನ್ನೇ. ಅವರು ನಮ್ಮವರಲ್ಲ ಅಂತ ಯಾರಾದರೂ ಅಂದರೆ ಧಾರವಾಡದಲ್ಲಿ ಪೇಡೆ ಸಿಗೋದಿಲ್ಲ ಅವರಿಗೆ. ಕರ್ನಾಟಕ ಸಂಗೀತದಲ್ಲಿ ತೆಲುಗು ಕೃತಿಗಳನ್ನು ಮೈಸೂರಿನವರು ಹಾಡಿದರೆ ತಕರಾರಿಲ್ಲ. ಇಂಗ್ಲಿಷಿಗೆ ಬಂದಾಗ ಮಾತ್ರ ನಮ್ಮ ಹುಬ್ಬು ಗಂಟಿಕ್ಕುತ್ತದೆ. ಅಣ್ಣಾವ್ರೇ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡು ಹಾಡಿದಾಗ ಮಾತ್ರ ಎಲ್ಲರಿಗೂ ಮುದ್ದು!

ಇನ್ನೊಂದು ನಷ್ಟವೂ ಇದೆ. ಬಿದ್ದು ಹೋದ ಮೇಲೂ ಬೆಂಗಳೂರಿನಲ್ಲಿ ಗಿಟಾರು ನಿಲ್ಲಲಿಲ್ಲ. ಎಪ್ಪತ್ತರ ದಶಕದಲ್ಲಿ ‘ಹ್ಯೂಮನ್ ಬಾಂಡೇಜ್’ ಅನ್ನೋ ತಂಡ ಇತ್ತು. ಅದರ ಡ್ರಮ್ಮರ್ ರಮೇಶ್ ಶೋಥಮ್ ಮುಂದೆ ಜರ್ಮನಿಯಲ್ಲಿ ನೆಲೆಸಿ ತವಿಲ್, ಘಟಗಳನ್ನು ಜಾಜ್ ಜೊತೆ ನುಡಿಸಿದರು. 1996ರಲ್ಲಿ ‘ಥರ್ಮಲ್ ಅಂಡ್ ಎ ಕ್ವಾರ್ಟರ್’. 2008ರಲ್ಲಿ ರಘು ದೀಕ್ಷಿತ್ ಆಲ್ಬಂ ಬಂದಾಗ ಶಿಶುನಾಳ ಶರೀಫಜ್ಜನ ತತ್ವಪದ ಗಿಟಾರಿನ ಮೇಲೆ ಕುಣಿಯಿತು. ಕನ್ನಡದಲ್ಲಿ ರಾಕ್ ಬಂತು ಅಂತ ನಾವೆಲ್ಲ ಅದನ್ನು ಹೊಸದಾಗಿ ಆಕಾಶದಿಂದ ಉದುರಿದ ಹಾಗೆ ಕೊಂಡಾಡಿದೆವು. ಶರೀಫಜ್ಜನ ಹಾಡಿಗೆ ಸಿ. ಅಶ್ವಥ್ ಅವರ ದಾರಿ ಗೊತ್ತು, ಆ ಕಡೆಯ ವಂಶವೃಕ್ಷ ಚೆನ್ನಾಗಿ ದಾಖಲಾಗಿದೆ. ಗಿಟಾರಿನ ಕಡೆಯ ವಂಶವೃಕ್ಷ ಮಾತ್ರ ಕನ್ನಡದಲ್ಲಿ ಬರೆದಿಟ್ಟಿಲ್ಲ. ಅದರ ಬೇರಿನ ಹತ್ತಿರ ಟ್ರೋಜನ್ಸ್ ಇದ್ದಾರೆ.

ಬಿದ್ದು ತಮ್ಮ ಕಥೆಯನ್ನು ತಾವೇ ಬರೆದಿದ್ದಾರೆ, 2010ರಲ್ಲಿ, ಇಂಗ್ಲಿಷಿನಲ್ಲಿ. ಹೆಸರು ‘ಮೇಡ್ ಇನ್ ಇಂಡಿಯಾ’ ಅಂತಲೇ. ನಮ್ಮಲ್ಲಿ ಅನುವಾದದ ಕೈ ಚುರುಕಿರುವ ಗೆಳೆಯರಿದ್ದೀರಲ್ಲ, ಯಾರಾದರೂ ಪ್ರಕಾಶಕರನ್ನು ಕೇಳಿ ನೋಡಿ. ಕನ್ನಡಕ್ಕೆ ತರುವಂಥ ಪುಸ್ತಕ. ಹಾಗೆಯೇ ನಿಮ್ಮ ಮನೆಯ ಹಿರಿಯರು ಯಾರಾದರೂ ಅರವತ್ತರ ದಶಕದ ಬೆಂಗಳೂರಿನಲ್ಲೋ, ಕೆಜಿಎಫ್‌ನಲ್ಲೋ, ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲೋ ಗಿಟಾರು, ಡ್ರಮ್ಮು ನುಡಿಸಿದ್ದರೆ ದಯವಿಟ್ಟು ಕೇಳಿ ಬರೆದಿಡಿ. ಫೋಟೋ ಇದ್ದರೆ ಸ್ಕ್ಯಾನ್ ಮಾಡಿ. ಆ ಪೀಳಿಗೆಗೆ ಈಗ ಎಂಬತ್ತರ ಸುತ್ತ ವಯಸ್ಸು.

2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಸಿನಿಮಾದವರು ‘ಡಿಸ್ಕೋ ದಿವಾನೆ’ಯನ್ನು ಮತ್ತೆ ಎಬ್ಬಿಸಿದರು, ನಾಜಿಯಾಳ ದನಿಯನ್ನೂ ಸೇರಿಸಿ. ಅದಾದ ಮೇಲೆ ನಮ್ಮ ಕಡೆ ಮದುವೆ ಮೆರವಣಿಗೆಗೂ ಅದು ಬಂತು. ಉದಗೀರಿನಿಂದ ಬರುವ ಬ್ಯಾಂಡಿನವರು ಮೊದಲು ಒಂದು ಮರಾಠಿ, ಆಮೇಲೆ ಒಂದು ಕನ್ನಡ, ಆಮೇಲೆ ಇದು ಅಂತ ಸರದಿಯ ಮೇಲೆ ಹೊಡೆಯುತ್ತಾರೆ. ಕ್ಲಾರಿಯೊನೆಟ್‌ನಲ್ಲಿ ನಾಜಿಯಾಳ ಸಾಲು, ಕೆಳಗೆ ದೊಡ್ಡ ಢೋಲಿನಲ್ಲಿ ಬಿದ್ದುವಿನ ನಾಲ್ಕು ಪೆಟ್ಟು. ಕುದುರೆ ಮಾತ್ರ ಸ್ವಲ್ಪ ಬೆದರುತ್ತದೆ.